ಹೆಗಲ ಒಳಗನ್ನು ಕಂಡವರು



ಈ ಬಾರಿ ಬರೆಯುತ್ತಿರುವುದು ಒಂದು ಹೆಗಲಿನ ಚರಿತ್ರೆಯನ್ನು. ಹೆಗಲು ನನ್ನದಾದರೂ ಚರಿತ್ರೆ ನನ್ನದಲ್ಲ. ಅದು ಸುಶ್ರುತನ ಕಾಲದಿಂದ ಬಂದದ್ದು. ಲೇಖನ ಸ್ವಲ್ಪ ದೀರ್ಘವಾಗಿದೆ. ಆದರೂ ಕೊನೆಯವರೆಗೆ ಓದಬೇಕೆಂದು, ವಿಶೇಷವಾಗಿ ನಮ್ಮ ಮನೆತನದವರಲ್ಲಿ, ಕೇಳಿಕೊಳ್ಳುತ್ತೇನೆ. ಕಾರಣ ಕೊನೆಯಲ್ಲಿದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಇಳಿಸಲು ಬಲಗೈ ಎತ್ತಿದೆ. ಅದು ಕಿವಿಯ ಮಟ್ಟಕ್ಕೂ ಏರಲಿಲ್ಲ. ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಅದು. ಹಿಂದಿನ ಬೆಂಚಿನವರಿಗೂ ಕಾಣಲೆಂದು ಹಲಗೆಯ ಮೇಲಂಚಿನಿಂದಲೇ ಬರೆಯಲು ತೊಡಗುವ ಅಭ್ಯಾಸ ನನ್ನದು. ಆ ಬಾಕಿಯನ್ನು ಹೆಗಲು ಈಗ ವಸೂಲು ಮಾಡುತ್ತಿದೆಯೆಂದು ಮನೆಯಾಕೆ ನಕ್ಕಳು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟದ್ದಾಯಿತು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಮಾತ್ರ ನೋವಿನಿಂದ ಎಚ್ಚರವಾಗುತ್ತಿತ್ತು. ಕೊನೆಗೆ ಮೂಳೆವೈದ್ಯರು ಎಂ.ಆರ್.ಐ. ಚಿತ್ರ ತೆಗೆಸಿಕೊಂಡು ಬರುವಂತೆ ಹೇಳಿದರು.

ಜಯನಗರದಲ್ಲಿ ಈಗ ಸ್ಕ್ಯಾನಿಂಗ್ ಕೇಂದ್ರಗಳಿಗೆ ಕೊರತೆಯಿಲ್ಲ. ನಾನು ಹೋದ ಕೇಂದ್ರದಲ್ಲಿ ಚಿತ್ರ ನೋಡಿ ವರದಿ ಬರೆಯುವ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿಯೆಂಬುದು, ಆಕೆ ಹೊರಗೆ ಬಂದು "ಸಾರ್, ನೀವಾ!" ಎಂದಾಗಲೇ ತಿಳಿದದ್ದು. ಕೆಲಸ ಮುಗಿದ ಮೇಲೆ ಒಳಗೆ ಕರೆದು ಕೂರಿಸಿ ಪರದೆಯ ಮೇಲೆ ನನ್ನ ಹೆಗಲನ್ನು ತೋರಿಸಿದಳು. ಕಪ್ಪು, ಬೂದು, ಬಿಳಿ ಬಣ್ಣಗಳ ಮೋಡದಂಥ ಚಿತ್ರ. "ಸಾರ್, ಇದೇನು ಹೇಳಿ ನೋಡೋಣ" ಎಂದಳು. ತೋಳಿನ ಮೂಳೆಯ ಗುಂಡನೆಯ ತಲೆಯನ್ನು ತೋರಿಸಿದೆ. ಹೆಗಲ ಹಲಗೆಯಂಥ ಮೂಳೆಯನ್ನು ಗುರುತಿಸಿದೆ. ಅದರಾಚೆಗೆ ನನಗೆ ಏನೂ ಕಾಣಲಿಲ್ಲ. "ಎಂಟನೇ ಕ್ಲಾಸಿನಲ್ಲಿ ನೀವು ನಮಗೆ 206 ಮೂಳೆ ಕಲಿಸಿದಿರಿ ಸಾರ್, ಸ್ನಾಯು ಕಲಿಸಲಿಲ್ಲ" ಎಂದು ನಕ್ಕಳು. ಮಾತು ನಿಜ. ನನ್ನ ತರಗತಿಯಲ್ಲಿ ಅಸ್ಥಿಪಂಜರದ ಚಿತ್ರಪಟವಿತ್ತು, ಸ್ನಾಯುಗಳ ಚಿತ್ರಪಟವಿರಲಿಲ್ಲ.

ಆಮೇಲೆ ಬೆರಳಿಟ್ಟು ಒಂದೊಂದನ್ನೂ ತೋರಿಸಿದಳು. ಇಷ್ಟು ಚೆನ್ನಾಗಿ ಓದಲು ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. ಯಂತ್ರದ ಹೆಸರನ್ನೋ ಗುರುಗಳ ಹೆಸರನ್ನೋ ಹೇಳಿಯಾಳೆಂದು ನನ್ನ ನಿರೀಕ್ಷೆ. "ಮೊದಲ ವರ್ಷದ ಎಂ.ಬಿ.ಬಿ.ಎಸ್.ನಲ್ಲಿ ನಮ್ಮ ಮೇಜಿನ ಮೇಲಿದ್ದ ಅಜ್ಜನಿಂದ ಸಾರ್. ಹೆಸರು ಗೊತ್ತಿಲ್ಲ. ಯಾರೂ ಕೇಳಿಕೊಂಡು ಬಾರದ ದೇಹವಂತೆ" ಎಂದಳು. ಈ ಉತ್ತರವೇ ನನ್ನನ್ನು ಓದಿಗೆ ಹಚ್ಚಿತು. ಮುಂದಿನದು ಆ ಓದಿನ ಫಲ.

ಮೊದಲು ಹೆಗಲು ಎಂದರೇನೆಂದು ನೋಡೋಣ. ನಿಮಗೆ ನಮ್ಮ ಶಾಲೆಯ ಕ್ರೀಡಾದಿನದ ನಿಂಬೆಹಣ್ಣು-ಚಮಚದ ಓಟ ನೆನಪಿರಬೇಕು. ಹೆಗಲ ಕೀಲು ಹೆಚ್ಚುಕಡಿಮೆ ಅದೇ. ತೋಳಿನ ಮೂಳೆಯ ತಲೆ ನಿಂಬೆಹಣ್ಣು. ಹೆಗಲ ಮೂಳೆಯಲ್ಲಿರುವ ಆಳವಿಲ್ಲದ ಗುಳಿ ಚಮಚ. ಸೊಂಟದ ಕೀಲಿನಲ್ಲಿ ಮೂಳೆಯ ತಲೆ ಬಟ್ಟಲಿನೊಳಗೆ ಆಳವಾಗಿ ಕುಳಿತಿರುತ್ತದೆ. ಹೆಗಲಲ್ಲಿ ಹಾಗಲ್ಲ, ತಲೆಯ ಹೆಚ್ಚಿನ ಭಾಗ ಗುಳಿಯ ಹೊರಗೇ ಇರುತ್ತದೆ. ಆದುದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದುದರಿಂದಲೇ ಅದು ಸುಲಭವಾಗಿ ಕಳಚಿಕೊಳ್ಳುತ್ತದೆ. ನಿಂಬೆಹಣ್ಣು ಬೀಳದಂತೆ ಹಿಡಿಯುವ ಕೆಲಸ ಮೂಳೆಯದಲ್ಲ, ಸ್ನಾಯುಗಳದು.

ಹೊರಗಿನಿಂದ ಕೈಗೆ ಸಿಗುವ ದಪ್ಪ ಸ್ನಾಯು ಡೆಲ್ಟಾಯಿಡ್. ಗ್ರೀಕರ ಡೆಲ್ಟಾ ಅಕ್ಷರದಂತೆ ಮುಕ್ಕೋನಾಕಾರವಾಗಿರುವುದರಿಂದ ಆ ಹೆಸರು. ಅದರ ಕೆಳಗೆ ಅಡಗಿರುವ ನಾಲ್ಕು ಸ್ನಾಯುಗಳು ಮುಖ್ಯವಾದವು. ಹೆಗಲ ಮೂಳೆಯ ಬೆನ್ನಿನಲ್ಲಿ ಒಂದು ಏಣು ಉಂಟು. ನಿಮ್ಮ ಕೈಯನ್ನು ಇನ್ನೊಂದು ಹೆಗಲ ಹಿಂದಕ್ಕೆ ಹಾಕಿದರೆ ಬೆರಳಿಗೆ ತಾಕುತ್ತದೆ. ಏಣಿನ ಮೇಲಿನದು ಸುಪ್ರಾಸ್ಪೈನೇಟಸ್, ಕೆಳಗಿನದು ಇನ್‌ಫ್ರಾಸ್ಪೈನೇಟಸ್, ಅದರ ಪಕ್ಕದ ಚಿಕ್ಕದು ಟೆರಿಸ್ ಮೈನರ್, ಮೂಳೆಯ ಮುಂಬದಿಯಲ್ಲಿ, ಪಕ್ಕೆಲುಬುಗಳ ಕಡೆಗೆ ಹರಡಿರುವುದು ಸಬ್‌ಸ್ಕ್ಯಾಪುಲಾರಿಸ್. ಈ ನಾಲ್ಕರ ತುದಿಗಳೂ ಚಪ್ಪಟೆಯಾದ ಹುರಿಗಳಂತಾಗಿ, ಒಂದಕ್ಕೊಂದು ಹೆಣೆದುಕೊಂಡು, ತೋಳಿನ ಮೂಳೆಯ ತಲೆಯನ್ನು ಅಂಗಿಯ ತೋಳಿನ ಪಟ್ಟಿಯಂತೆ ಸುತ್ತುವರಿಯುತ್ತವೆ. ಅದಕ್ಕೇ ರೊಟೇಟರ್ ಕಫ್ ಎಂಬ ಹೆಸರು. ಸುಪ್ರಾಸ್ಪೈನೇಟಸ್‌ನ ಹುರಿ ಮಾತ್ರ ಎರಡು ಮೂಳೆಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಹಾದುಹೋಗಬೇಕು. ಕೈ ಎತ್ತಿದಾಗಲೆಲ್ಲ ಅದು ಉಜ್ಜಿಕೊಳ್ಳುವ ಸಂಭವವುಂಟು. ವಯಸ್ಸಾದಂತೆ ಸವೆದು ಹರಿಯುವುದೂ ಬಹುಮಟ್ಟಿಗೆ ಅದೇ.

ಇಷ್ಟನ್ನು ಮನುಷ್ಯ ಹೇಗೆ ತಿಳಿದ? ಚರ್ಮದ ಮೇಲಿನಿಂದ ಇದು ಕಾಣುವುದಿಲ್ಲ. ನಮ್ಮ ದೇಶದಲ್ಲಿ ಉತ್ತರಕ್ಕೆ ಮೊದಲು ನೆನೆಯಬೇಕಾದವನು ಸುಶ್ರುತ. ಆತನ ಸಂಹಿತೆಯ ಶಾರೀರಸ್ಥಾನದಲ್ಲಿ ಶವಪರೀಕ್ಷೆಯ ಕ್ರಮವಿದೆ. ದೇಹವನ್ನು ಹುಲ್ಲು, ನಾರುಗಳಿಂದ ಸುತ್ತಿ, ಪಂಜರದೊಳಗಿಟ್ಟು, ಮರೆಯಾದ ಜಾಗದಲ್ಲಿ ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಬೇಕು. ಆಮೇಲೆ ಲಾವಂಚದ ಬೇರು, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಆರಂಭಿಸಿ ಒಂದೊಂದೇ ಪದರವನ್ನು ಕಣ್ಣಾರೆ ನೋಡಬೇಕು. ಶಾಸ್ತ್ರದಲ್ಲಿ ಓದಿದ್ದೂ ಕಣ್ಣಿನಿಂದ ಕಂಡದ್ದೂ ಎರಡೂ ಕೂಡಿದರೆ ಮಾತ್ರ ಜ್ಞಾನ ಬೆಳೆಯುತ್ತದೆಂಬುದು ಆತನ ಅಭಿಪ್ರಾಯ. ಶಿಕ್ಷಕನಾದವನು ಈ ಮಾತನ್ನು ಗೋಡೆಯ ಮೇಲೆ ಬರೆದಿಡಬೇಕು. ಸುಶ್ರುತ ದೇಹದಲ್ಲಿ 500 ಪೇಶಿಗಳನ್ನು ಎಣಿಸುತ್ತಾನೆ, ಅವುಗಳಲ್ಲಿ 400 ಕೈಕಾಲುಗಳವು. 107 ಮರ್ಮಗಳಲ್ಲಿ ಹೆಗಲಿನದು ಅಂಸವೆಂಬ ಮರ್ಮ. ಅದಕ್ಕೆ ಪೆಟ್ಟಾದರೆ ತೋಳು ಸ್ತಬ್ಧವಾಗುತ್ತದೆಂದು ಹೇಳುತ್ತಾನೆ. ತೋಳು ಹಿಡಿದುಕೊಳ್ಳುವ ರೋಗಕ್ಕೆ ಆಯುರ್ವೇದದಲ್ಲಿ ಅವಬಾಹುಕವೆಂಬ ಹೆಸರೇ ಇದೆ. ಆದರೆ ಮುಂದಿನ ಶತಮಾನಗಳಲ್ಲಿ ನಮ್ಮಲ್ಲಿ ಶಾಸ್ತ್ರ ಉಳಿಯಿತು, ಕುಂಚ ಕೈಬಿಟ್ಟುಹೋಯಿತು. ಶವವನ್ನು ಮುಟ್ಟುವುದು ಮೈಲಿಗೆಯೆನಿಸಿತು.

ಯುರೋಪಿನಲ್ಲಿ 1510ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಶವಗಳನ್ನು ಕೊಯ್ದು ಹೆಗಲ ಸ್ನಾಯುಗಳ ಚಿತ್ರ ಬರೆದ. ಆ ಚಿತ್ರಗಳ ವಿಶೇಷವೆಂದರೆ ಒಂದೇ ಹೆಗಲನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ದೇಹವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದಂತೆ ಸಾಲಾಗಿ ಬರೆದಿರುವುದು. ಇಂದಿನ ಯಂತ್ರ ಪರದೆಯ ಮೇಲೆ ಮಾಡುವುದೂ ಅದನ್ನೇ. ಆ ಹಾಳೆಗಳು ಆತನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಇಂದು ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಜಗತ್ತು ನೋಡಿದ್ದು 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ವೆಸಾಲಿಯಸ್‌ನ ಮಹಾಗ್ರಂಥವನ್ನು. ಅದರಲ್ಲಿ ಚರ್ಮ ಕಳಚಿದ ಮನುಷ್ಯರು ಬೆಟ್ಟಗುಡ್ಡಗಳ ಹಿನ್ನೆಲೆಯಲ್ಲಿ ನಿಂತು ತಮ್ಮ ಸ್ನಾಯುಗಳನ್ನು ತೋರಿಸುತ್ತಾರೆ.

ಆ ಮನುಷ್ಯರು ಯಾರು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಬಹುತೇಕ ಗಲ್ಲಿಗೇರಿದವರು. ಮುಂದೆ ವೈದ್ಯಶಾಲೆಗಳು ಹೆಚ್ಚಿದಂತೆ ಗಲ್ಲಿಗೇರಿದವರು ಸಾಲದಾದರು. ಹೂತ ಶವಗಳನ್ನು ರಾತ್ರಿ ಅಗೆದು ಮಾರುವ ದಂಧೆ ಬ್ರಿಟನ್ನಿನಲ್ಲಿ ಹುಟ್ಟಿತು. 1828ರಲ್ಲಿ ಎಡಿನ್‌ಬರೋದಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಶವ ಮಾರುವುದಕ್ಕಾಗಿಯೇ 16 ಮಂದಿಯನ್ನು ಕೊಂದ ಸಂಗತಿ ಹೊರಬಿದ್ದಿತು. 1832ರಲ್ಲಿ ಕಾಯ್ದೆ ಬಂತು: ಯಾರೂ ಕೇಳಿಕೊಂಡು ಬಾರದ ದೇಹಗಳನ್ನು ವೈದ್ಯಶಾಲೆಗಳಿಗೆ ಕೊಡಬಹುದು. ಕೊಲೆ ನಿಂತಿತು. ಆದರೆ ಗಲ್ಲಿಗೇರಿದವರ ಜಾಗಕ್ಕೆ ಬಡವರು ಬಂದರು. ಅನಾಥಾಲಯದಲ್ಲಿ, ಧರ್ಮಾಸ್ಪತ್ರೆಯಲ್ಲಿ ಸತ್ತ ನಿರ್ಗತಿಕರ ದೇಹವೇ ಪಾಠದ ಮೇಜಿಗೆ ಏರಿತು.

ನಮ್ಮ ದೇಶಕ್ಕೆ ಬರೋಣ. 1835ರಲ್ಲಿ ಆರಂಭವಾದ ಕಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ 1836ರಲ್ಲಿ ಪಂಡಿತ ಮಧುಸೂದನ ಗುಪ್ತರು ಮಾನವ ದೇಹವನ್ನು ಕೊಯ್ದರು. ಅವರು ಆಯುರ್ವೇದದ ಪಂಡಿತರು, ಸುಶ್ರುತನನ್ನು ಓದಿಕೊಂಡವರು. ಶತಮಾನಗಳ ಹಿಂದೆ ಕೈಬಿಟ್ಟುಹೋಗಿದ್ದ ಕುಂಚವನ್ನು ಹೀಗೆ ಸುಶ್ರುತನ ಶಿಷ್ಯಪರಂಪರೆಯವರೇ ಮತ್ತೆ ಎತ್ತಿಕೊಂಡರು. ಆ ದಿನ ಕೋಟೆಯಿಂದ ತೋಪು ಹಾರಿಸಿದರೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ನಮ್ಮ ಸಂಸ್ಥಾನದಲ್ಲಿ ಮೈಸೂರು ಮೆಡಿಕಲ್ ಕಾಲೇಜು ಆರಂಭವಾದದ್ದು 1924ರಲ್ಲಿ. ಹೆಸರು ಮೈಸೂರಿನದಾದರೂ ಮೊದಲು ನಡೆದದ್ದು ಬೆಂಗಳೂರಿನಲ್ಲಿ, 1930ರಲ್ಲಿ ಮೈಸೂರಿಗೆ ಹೋಯಿತು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಬಂತು. 1957ರಲ್ಲಿ ನಮ್ಮ ರಾಜ್ಯದ ಅಂಗರಚನಾಶಾಸ್ತ್ರ ಕಾಯ್ದೆಯಾಯಿತು. ಅದರ ತಿರುಳೂ ಅದೇ: ವಾರಸುದಾರರಿಲ್ಲದ ದೇಹ ವಿದ್ಯಾರ್ಥಿಗಳ ಪಾಠಕ್ಕೆ. ನನ್ನ ವಿದ್ಯಾರ್ಥಿನಿಯ 'ಅಜ್ಜ' ಆಕೆಯ ಮೇಜಿಗೆ ಬಂದದ್ದು ಈ ದಾರಿಯಿಂದಲೇ.

ಇನ್ನು ಚಿತ್ರದ ಕಥೆ. 1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಹೊಸ ಕಿರಣವನ್ನು ಕಂಡ. ಏನೆಂದು ತಿಳಿಯದ್ದಕ್ಕೆ ಎಕ್ಸ್ ಎಂದ. ನಾವು ಕನ್ನಡದಲ್ಲಿ ಕ್ಷ-ಕಿರಣವೆಂದೆವು. ಡಿಸೆಂಬರ್ 22ರಂದು ಹೆಂಡತಿಯ ಕೈಯ ಚಿತ್ರ ತೆಗೆದ. ಮೂಳೆಗಳೂ ಬೆರಳಿನ ಉಂಗುರವೂ ಕಂಡವು. ಜೀವಂತ ದೇಹವನ್ನು ಕೊಯ್ಯದೆ ಒಳಗನ್ನು ನೋಡಬಹುದೆಂದು ಜಗತ್ತು ಬೆರಗಾಯಿತು. ಆದರೆ ಕ್ಷ-ಕಿರಣಕ್ಕೆ ಮೂಳೆ ತಡೆ, ಸ್ನಾಯು ತಡೆಯಲ್ಲ. ಸ್ನಾಯು, ಹುರಿ, ರಕ್ತ ಎಲ್ಲವೂ ಅದಕ್ಕೆ ಹೆಚ್ಚುಕಡಿಮೆ ಒಂದೇ ಬಗೆಯ ಮಬ್ಬು. ನಿಂಬೆಹಣ್ಣು ಕಂಡಿತು, ಚಮಚ ಕಂಡಿತು, ಹಿಡಿದ ಬೆರಳು ಕಾಣಲಿಲ್ಲ. ಆ ದೃಷ್ಟಿಯಿಂದ ನನ್ನ ತರಗತಿಯ ಚಿತ್ರಪಟ 1895ರಲ್ಲೇ ನಿಂತುಹೋಗಿತ್ತು.

ಈ ಕೊರತೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅಮೆರಿಕದ ಬಾಸ್ಟನ್‌ನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್. ಆ ಊರಿನಲ್ಲಿ ಕ್ಷ-ಕಿರಣವನ್ನು ಬಳಸಿದ ಮೊದಲಿಗರಲ್ಲಿ ಆತ ಒಬ್ಬ. ಅದೇ ಮನುಷ್ಯ, ಕ್ಷ-ಕಿರಣ ತೋರಿಸಲಾಗದ ಹೆಗಲ ನೋವಿನ ಬೆನ್ನುಹತ್ತಿದ. ಸುಪ್ರಾಸ್ಪೈನೇಟಸ್‌ನ ಹರಿದ ಹುರಿಯನ್ನು 1909ರಲ್ಲಿ ಹೊಲಿದು, 1911ರಲ್ಲಿ ಆ ಬಗ್ಗೆ ಬರೆದ. 1934ರಲ್ಲಿ ಹೆಗಲೊಂದರ ಮೇಲೇ ದೊಡ್ಡ ಪುಸ್ತಕ ಪ್ರಕಟಿಸಿದ. ನಮ್ಮ ಬೀದಿಯಲ್ಲಿ ಇಂದು ಅರ್ಧಕ್ಕರ್ಧ ಹಿರಿಯರು ಹೇಳಿಕೊಳ್ಳುವ 'ಫ್ರೋಜನ್ ಶೋಲ್ಡರ್' ಎಂಬ ಮಾತು ಅವನದೇ. ರೋಗಿಯ ಹೆಗಲನ್ನು ತೆರೆದು ನೋಡದೆ, ಸತ್ತವರ ಹೆಗಲನ್ನು ಹೋಲಿಸದೆ, ಅವನಿಗೆ ಬೇರೆ ದಾರಿಯಿರಲಿಲ್ಲ.

ಕೊಯ್ಯದೆಯೇ ಸ್ನಾಯುವನ್ನು ನೋಡುವ ದಾರಿಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಇದನ್ನು ನಮ್ಮ ಮಕ್ಕಳಿಗೆ ನಾನು ತರಗತಿಯಲ್ಲಿ ಹೇಳಲಿಲ್ಲವೆಂಬ ಕೊರಗು ನನಗುಂಟು. ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ವಿಜ್ಞಾನಿಯಿದ್ದರು. ಕಾಂತಕ್ಷೇತ್ರದಲ್ಲಿರಿಸಿದ ಪರಮಾಣು ಬೀಜಗಳು ರೇಡಿಯೋ ಅಲೆಗೆ ಮಿಡಿಯುವುದನ್ನು 1946ರಲ್ಲಿ ಅಮೆರಿಕದಲ್ಲಿ ಬ್ಲಾಕ್ ಮತ್ತು ಪರ್ಸೆಲ್ ತೋರಿಸಿದ್ದರು. ಸೂರ್ಯನ್ ಅವರು 1951ರಲ್ಲಿ, ನಿಂತ ದ್ರವಕ್ಕೂ ಹರಿಯುವ ದ್ರವಕ್ಕೂ ಈ ಮಿಡಿತ ಬೇರೆಯಾಗುತ್ತದೆಂದು ಪ್ರಯೋಗದಿಂದ ಕಂಡು, ರಾಮನ್ ಅವರು ಸ್ಥಾಪಿಸಿದ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಂ.ಆರ್.ಐ. ಎಂಬ ಮಾತೇ ಇಲ್ಲದ ಕಾಲವದು. ರಕ್ತದ ಹರಿವನ್ನು ಕಾಂತದಿಂದ ಅಳೆಯುವ ವಿದ್ಯೆಯ ಇತಿಹಾಸ ಬರೆಯುವವರು ಇಂದು ಆ ಪ್ರಬಂಧವನ್ನು ಮೊದಲಲ್ಲಿ ನೆನೆಯುತ್ತಾರೆ.

ಎರಡನೆಯವರು ಜಿ.ಎನ್. ರಾಮಚಂದ್ರನ್. 1942ರಲ್ಲಿ ಇದೇ ಸಂಸ್ಥೆಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದು, ರಾಮನ್ ಅವರ ಬಳಿ ಭೌತವಿಜ್ಞಾನಕ್ಕೆ ಹೊರಳಿದವರು. ಹೆಗಲಿಗೆ ಅವರು ಎರಡು ಬಗೆಯಲ್ಲಿ ನೆಂಟರು. ಸ್ನಾಯುಗಳ ತುದಿಯ ಹುರಿ ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನಿಂದಾದದ್ದು. ಆ ಕೊಲಾಜನ್ ಮೂರು ಎಳೆಗಳ ಜಡೆಯಂತಿದೆಯೆಂದು 1954-55ರಲ್ಲಿ ಮದರಾಸಿನಲ್ಲಿ ಗೋಪಿನಾಥ ಕರ್ತಾ ಅವರೊಡನೆ ಸೂಚಿಸಿದವರು ರಾಮಚಂದ್ರನ್. ಹೆಂಗಸರ ಜಡೆಯಂತೆ ಮೂರು ಕಾಲಿನ ಹೆಣಿಗೆ. ಅದಕ್ಕೇ ಅಷ್ಟು ಬಲ. ಮುಂದೆ ಬೆಂಗಳೂರಿಗೆ ಮರಳಿ ಅಣುಜೀವ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಬೇರೆಬೇರೆ ಕೋನಗಳಿಂದ ತೆಗೆದ ಚಪ್ಪಟೆ ಚಿತ್ರಗಳನ್ನು ಕೂಡಿಸಿ ಮೂರು ಆಯಾಮದ ರೂಪವನ್ನು ಪಡೆಯುವ ಸುಲಭ ಗಣಿತವನ್ನು ಪ್ರಕಟಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್‌ನ ಯಂತ್ರ ಮೊದಲ ರೋಗಿಯ ಮೆದುಳಿನ ಸಿ.ಟಿ. ಚಿತ್ರ ತೆಗೆಯಿತು. ಆ ಬಗೆಯ ಚಿತ್ರಗಳನ್ನು ಕಟ್ಟುವ ಲೆಕ್ಕದಲ್ಲಿ ಮುಂದೆ ಲೋಕವೆಲ್ಲ ಬಳಸಿದ ಸೂತ್ರವೊಂದಕ್ಕೆ ಇಬ್ಬರ ಹೆಸರೂ ಸೇರಿ 'ರಾಮ್-ಲಾಕ್' ಎಂಬ ಹೆಸರು ನಿಂತಿದೆ. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ರಾಮಚಂದ್ರನ್ 2001ರಲ್ಲಿ ತೀರಿಕೊಂಡರು.

ಸ್ನಾಯುವಿಗೆ ನಿಜವಾದ ಕಣ್ಣು ಬಂದದ್ದು ಎಂ.ಆರ್.ಐ.ಯಿಂದ. 1973ರಲ್ಲಿ ಲಾಟರ್‌ಬರ್ ಕಾಂತದ ಮಿಡಿತದಿಂದ ಚಿತ್ರ ಬರೆಯಬಹುದೆಂದು ತೋರಿಸಿದ. 1977ರಲ್ಲಿ ಡಮಾಡಿಯನ್ ಮನುಷ್ಯದೇಹದ ಚಿತ್ರ ತೆಗೆದ. 2003ರ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಬಂತು. ಅದರ ತತ್ವ ಎಸ್.ಎಸ್.ಎಲ್.ಸಿ. ಓದಿದವರಿಗೂ ಅರ್ಥವಾಗುವಂಥದು. ನಮ್ಮ ದೇಹದ ಬಹುಪಾಲು ನೀರು. ನೀರಿನಲ್ಲಿ ಹೈಡ್ರೋಜನ್ ಉಂಟು. ಅದರ ಬೀಜ ಪುಟ್ಟ ಕಾಂತದಂತೆ ವರ್ತಿಸುತ್ತದೆ. ಸಾಮಾನ್ಯ ಯಂತ್ರವೊಂದರ ಕಾಂತದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಕಿಂತ ಸುಮಾರು 30 ಸಾವಿರ ಪಟ್ಟು. ಅದರೊಳಗೆ ಮಲಗಿದಾಗ ಈ ಪುಟ್ಟ ಕಾಂತಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲುಗೊಳ್ಳುತ್ತವೆ. ರೇಡಿಯೋ ಅಲೆಯ ಪೆಟ್ಟಿಗೆ ಕದಲಿ, ಮತ್ತೆ ಸಾಲಿಗೆ ಬರುವಾಗ ಸಂಜ್ಞೆ ಕೊಡುತ್ತವೆ. ಕೊಬ್ಬಿನಲ್ಲಿರುವವು ಬೇಗ ಬರುತ್ತವೆ, ಬಿಡಿನೀರಿನಲ್ಲಿರುವವು ತಡವಾಗಿ. ಹುರಿಯಲ್ಲಿನ ನೀರು ಕೊಲಾಜನ್ ಎಳೆಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸಂಜ್ಞೆ ಕ್ಷಣದಲ್ಲೇ ಆರಿಹೋಗುತ್ತದೆ. ಆದುದರಿಂದ ಸ್ನಾಯು ಬೂದು, ಕೊಬ್ಬು ಬಿಳಿ, ಹುರಿ ಕಪ್ಪು. ಕಪ್ಪು ಹುರಿಯ ನಡುವೆ ಬಿಳಿಯ ಗೆರೆ ಕಂಡರೆ ಅಲ್ಲಿ ನೀರು ನುಗ್ಗಿದೆ, ಅರ್ಥಾತ್ ಹುರಿ ಹರಿದಿದೆ. ಕರಿಹಲಗೆಯ ಮೇಲೆ ಸೀಮೆಸುಣ್ಣದ ಗೆರೆಯಂತೆ ಕಂಡ ನನ್ನ ಸುಪ್ರಾಸ್ಪೈನೇಟಸ್‌ನ ಹರಿವು ಪೂರ್ತಿಯದಲ್ಲ, ಅರೆಹರಿವು.

"ಹೆದರಬೇಡಿ ಸಾರ್" ಎಂದಳು ಆಕೆ. 1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೆಗಲು ನೋವೇ ಇಲ್ಲದ 96 ಮಂದಿಗೆ ಎಂ.ಆರ್.ಐ. ಮಾಡಿದ್ದರಂತೆ. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹುರಿ ಹರಿದಿತ್ತು. ಚಿತ್ರದಲ್ಲಿ ಹರಿದದ್ದೆಲ್ಲ ರೋಗವಲ್ಲ, ನರೆಗೂದಲಿನಂತೆ ಅದೂ ವಯಸ್ಸಿನ ಗುರುತಾಗಿರಬಹುದು. ಹರಿವಿಗಿಂತ ಹೆಚ್ಚಾಗಿ ಸ್ನಾಯುವಿನ ಮಾಂಸದಲ್ಲಿ ಕೊಬ್ಬಿನ ಗೆರೆಗಳು ತುಂಬಿವೆಯೇ ಎಂದು ವೈದ್ಯರು ನೋಡುತ್ತಾರೆ. 1994ರಲ್ಲಿ ಗುಟಾಲಿಯೆ ಎಂಬ ಫ್ರೆಂಚ್ ವೈದ್ಯ ಇದಕ್ಕೆ ಸಿ.ಟಿ. ಚಿತ್ರದಿಂದ ಒಂದು ಅಳತೆಗೋಲು ಮಾಡಿದ. ಕೊಬ್ಬು ಹೆಚ್ಚಾದ ಸ್ನಾಯುವನ್ನು ಹೊಲಿದರೂ ಅದು ಹಳೆಯ ಬಲಕ್ಕೆ ಮರಳುವುದು ಕಷ್ಟ. ನನ್ನದರಲ್ಲಿ ಕೊಬ್ಬು ಕಡಿಮೆಯಂತೆ. ವ್ಯಾಯಾಮವೇ ಮದ್ದೆಂದು ವೈದ್ಯರೂ ಹೇಳಿದರು.

ಇಷ್ಟು ಸ್ಪಷ್ಟವಾದ ಚಿತ್ರ ಬಂದ ಮೇಲೆ ಶವ ಏಕೆ ಬೇಕು? ನಾನೂ ಆಕೆಯನ್ನು ಇದನ್ನೇ ಕೇಳಿದೆ. 1993ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮರಣದಂಡನೆಗೊಳಗಾದ ಜೋಸೆಫ್ ಜೆರ್ನಿಗನ್ ತನ್ನ ದೇಹವನ್ನು ವಿಜ್ಞಾನಕ್ಕೆ ಕೊಟ್ಟಿದ್ದ. ಅದರ ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ತೆಗೆದು, ಹೆಪ್ಪುಗಟ್ಟಿಸಿ, ತಲೆಯಿಂದ ಕಾಲಿನವರೆಗೆ 1 ಮಿಲಿಮೀಟರಿನಂತೆ 1,871 ಪದರಗಳ ಛಾಯಾಚಿತ್ರ ತೆಗೆದು 1994ರಲ್ಲಿ ಲೋಕಕ್ಕೆ ಬಿಟ್ಟರು. ಮರುವರ್ಷ ಮೇರಿಲ್ಯಾಂಡ್‌ನ 59 ವರ್ಷದ ಮಹಿಳೆಯೊಬ್ಬರ ದೇಹ, ಪದರದ ದಪ್ಪ ಮೂರನೆಯ ಒಂದು ಮಿಲಿಮೀಟರು. ಇಂದು ಮೇಜಿನಷ್ಟು ದೊಡ್ಡ ಪರದೆಯ ಮೇಲೆ ಬೆರಳಾಡಿಸಿ ಸ್ನಾಯುಗಳನ್ನು ಬಿಡಿಸಿ ನೋಡಬಹುದು. ಆದರೆ ಆ ಪರದೆಯ ಹಿಂದೆಯೂ ಇರುವುದು ದೇಹ ಕೊಟ್ಟ ಮನುಷ್ಯರೇ. "ಪರದೆ ಎಲ್ಲರಿಗೂ ಒಂದೇ ಹೆಗಲನ್ನು ತೋರಿಸುತ್ತದೆ ಸಾರ್. ಮೇಜಿನ ಮೇಲೆ ಇರುವುದು ಒಬ್ಬರ ಹೆಗಲು. ನಮ್ಮ ಅಜ್ಜನ ಬಲಗಡೆ ಸುಪ್ರಾಸ್ಪೈನೇಟಸ್ ಹರಿದಿತ್ತು. ಮೂಟೆ ಹೊತ್ತವರಿರಬೇಕು ಎಂದು ನಮ್ಮ ಮೇಡಂ ಅಂದರು. ಬೆರಳಿಟ್ಟು ನೋಡಿದ್ದೆ. ಇವತ್ತು ನಿಮ್ಮ ಚಿತ್ರದಲ್ಲಿ ಅದನ್ನೇ ನೋಡಿದೆ" ಎಂದಳು. ವೈದ್ಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಬಿಡಿಸುವುದು ಎದೆ ಮತ್ತು ತೋಳಿನ ಭಾಗವನ್ನೇ ಎಂದೂ ತಿಳಿಸಿದಳು. ನಮ್ಮನ್ನು ಮುಟ್ಟಿ ನೋಡುವ ವೈದ್ಯರ ಮೊದಲ ಪಾಠಗಳಲ್ಲಿ ಹೆಗಲೂ ಒಂದು.

ಹೆಸರಿಲ್ಲದ ಆ ಅಜ್ಜನ ಬಗ್ಗೆ ಯೋಚಿಸುತ್ತ ನಾನು ಕೆಲವು ದಿನ ಮಂಕಾಗಿದ್ದೆ. ಆತನನ್ನು ಯಾರೂ ಕೇಳಲಿಲ್ಲ. ಆತ ಒಪ್ಪಲೂ ಇಲ್ಲ. ಬದುಕಿದ್ದಾಗ ಇಂಥ ಸ್ಕ್ಯಾನಿಂಗ್ ಕೇಂದ್ರದ ಮೆಟ್ಟಿಲು ಹತ್ತಿರಲಾರ. ಆತನ ಹರಿದ ಹೆಗಲಿನಿಂದ ಕಲಿತ ಕಣ್ಣು ನನ್ನ ಹೆಗಲನ್ನು ಓದಿತು. ಈ ಸಾಲವನ್ನು ನನ್ನಂಥ ಓದುಬರಹ ಬಲ್ಲವರು, ಮನೆಮಠ ಉಳ್ಳವರು, ತಲೆಮಾರುಗಳಿಂದ ತೀರಿಸದೆ ಉಳಿಸಿಕೊಂಡಿದ್ದೇವೆ.

ತೀರಿಸಿದವರೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ಅವರು 2008ರಲ್ಲಿ ತೀರಿಕೊಂಡರು. ತಮ್ಮ ದೇಹ ವಿದ್ಯಾರ್ಥಿಗಳಿಗೆ ಸಲ್ಲಬೇಕು, ಅದನ್ನು ಮಗನೇ ಬಿಡಿಸಿ ಪಾಠ ಹೇಳಬೇಕೆಂಬುದು ಅವರ ಇಚ್ಛೆಯಾಗಿತ್ತು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆ.ಎಲ್.ಇ. ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆಯ ಅಧ್ಯಾಪಕರು. ಕೆಡದಂತೆ ಕಾಪಾಡಿದ್ದ ತಂದೆಯ ದೇಹವನ್ನು 2010ರ ನವೆಂಬರಿನಲ್ಲಿ ವಿದ್ಯಾರ್ಥಿಗಳ ಸಮ್ಮುಖದಲ್ಲಿ ಅವರು ತಮ್ಮ ಕೈಯಾರೆ ಬಿಡಿಸಿದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕಟ್ಟಿದ ಸಂಸ್ಥೆಯದು. ಸುಶ್ರುತನನ್ನು ಇಂದಿಗೂ ಪಠ್ಯವಾಗಿ ಓದುವ ಕಾಲೇಜು. ಅಂದು ಆ ಮಗನ ಕೈ ನಡುಗಿತೋ ಇಲ್ಲವೋ ನಾನರಿಯೆ. ತಂದೆಯ ಕೊನೆಯ ಮಾತನ್ನು ನಡೆಸಿಕೊಟ್ಟ ಮಕ್ಕಳ ಕಥೆಗಳನ್ನು ನಾವು ಪುರಾಣಗಳಲ್ಲಿ ಓದಿದ್ದೇವೆ. ಇದನ್ನು ಆ ಸಾಲಿಗೆ ಸೇರಿಸಬೇಕೆಂದು ನನ್ನ ಭಾವನೆ.

ಈಗ ಕಾರಣಕ್ಕೆ ಬರುತ್ತೇನೆ. ಮನೆಗೆ ಹತ್ತಿರದ ವೈದ್ಯಕೀಯ ಕಾಲೇಜೊಂದರ ಅಂಗರಚನಾ ವಿಭಾಗದಿಂದ ದೇಹದಾನದ ಅರ್ಜಿಯನ್ನು ತಂದಿದ್ದೇನೆ. ನನ್ನ ಸಹಿ ಹಾಕಿಯಾಗಿದೆ. ಸಾಕ್ಷಿಗಳಿಗೆ ಎರಡು ಸಾಲು ಉಂಟು. ಅವುಗಳಲ್ಲಿ ಒಬ್ಬರು ಹತ್ತಿರದ ಸಂಬಂಧಿಯಾಗಬೇಕು. ಒಂದು ಸಾಲಿನಲ್ಲಿ ಎದುರು ಮನೆಯ ಸ್ನೇಹಿತರ ಸಹಿಯಿದೆ. ಇನ್ನೊಂದು ಖಾಲಿಯಿದೆ. ಅರ್ಜಿ ಎಷ್ಟೇ ಗಟ್ಟಿಯಾಗಿದ್ದರೂ, ನನ್ನ ಉಸಿರು ನಿಂತ ಮೇಲೆ ಕಾಲೇಜಿಗೆ ಫೋನು ಮಾಡಬೇಕಾದವರು ಮನೆಯವರು; ಅವರು ಬೇಡವೆಂದರೆ ಅರ್ಜಿ ಬರಿಯ ಕಾಗದ. ಆದುದರಿಂದಲೇ ಇದನ್ನು ಗುಟ್ಟಾಗಿಡದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕಣ್ಣುಗಳನ್ನು ಮೊದಲು ನೇತ್ರಬ್ಯಾಂಕಿಗೆ ಕೊಡಬಹುದು. ಆಮೇಲೂ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸುತ್ತಾರೆ. ಅಪಘಾತದ ಸಾವಾಗಿ ಮರಣೋತ್ತರ ಪರೀಕ್ಷೆಯಾದರೆ, ಅಂಟುರೋಗವಿದ್ದರೆ, ಸ್ವೀಕರಿಸುವುದಿಲ್ಲ. ಹಾಗಾದರೆ ನಿಮ್ಮ ಇಷ್ಟದಂತೆ ನಡೆಯಲಿ, ನನ್ನ ತಕರಾರಿಲ್ಲ.

ಮನೆಯಾಕೆ "ನೋಡೋಣ" ಎಂದಿದ್ದಾಳೆ. ಮಗ ಫೋನಿನಲ್ಲಿ ಬಹಳ ಹೊತ್ತು ಮೌನವಾಗಿದ್ದು, "ಅಪ್ಪ, ಬಂದಾಗ ಮಾತಾಡೋಣ" ಎಂದ. ಊರಿನಲ್ಲಿರುವ ಅಣ್ಣನಿಗೆ ಮಾತ್ರ ಬಹಳ ನೋವಾಗಿದೆ. "ನಿನಗೆ ಹೆಗಲು ಕೊಡೋಕೆ ನಾಲ್ಕು ಜನ ಇಲ್ಲವೇನೋ?" ಎಂದು ಕೇಳಿದ. ಅಪ್ಪನಿಗೆ, ಅಮ್ಮನಿಗೆ ಹೆಗಲು ಕೊಟ್ಟವನು ಅವನು. ನಾನು ಅವನ ಹಿಂದೆ ನಡೆದವನು. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಅಣ್ಣಾ, ನೀನು ಇದನ್ನು ಓದಿಸಿ ಕೇಳುವೆಯೆಂದು ಬಲ್ಲೆ. ಕರ್ಮಾದಿಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೆಸರು ಹೇಳಿ ಎಳ್ಳುನೀರು ಬಿಡುವುದಕ್ಕೆ ದೇಹ ಬೇಕಿಲ್ಲವೆಂದು ನಮ್ಮ ಪುರೋಹಿತರೇ ಹೇಳಿದರು. ಮನೆಯಿಂದ ಕಾಲೇಜಿನ ಗಾಡಿಯವರೆಗೆ ನಾಲ್ಕು ಹೆಗಲು ಬೇಕೇ ಬೇಕು. ಅದು ನಿಮ್ಮದೇ ಆಗಿರಲಿ. ಅಲ್ಲಿಂದ ಮುಂದೆ ಹದಿನೆಂಟರ ಹುಡುಗ ಹುಡುಗಿಯರು ನನ್ನನ್ನು ನೋಡಿಕೊಳ್ಳುತ್ತಾರೆ. ಮೂವತ್ತನಾಲ್ಕು ವರ್ಷ ಆ ವಯಸ್ಸಿನ ಹತ್ತಿರದ ಮಕ್ಕಳ ನಡುವೆಯೇ ಇದ್ದವನು ನಾನು, ಅಂಜಿಕೆಯಿಲ್ಲ. ಬಲಗಡೆಯ ಸುಪ್ರಾಸ್ಪೈನೇಟಸ್ ಹರಿದಿರುವುದನ್ನು ಅವರಲ್ಲೊಬ್ಬರು ಬೆರಳಿಟ್ಟು ನೋಡಲಿ. ತರಗತಿಯಲ್ಲಿ ನಾನು ಕಲಿಸದೆ ಬಿಟ್ಟ ಪಾಠ ಅದು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಹಲವರಿದ್ದೀರಿ. ಕೆಲವರ ಮಕ್ಕಳು ಈಗ ವೈದ್ಯಕೀಯ ಓದುತ್ತಿದ್ದಾರೆ. ನಿಮ್ಮ ಮೇಜಿನ ಮೇಲಿದ್ದವರ ನೆನಪಿದ್ದರೆ ಎರಡು ಸಾಲು ಬರೆದು ತಿಳಿಸಿ. ಬಂಧುಗಳು ಕೋಪವಿದ್ದರೆ ಬೈದಾದರೂ ಬರೆಯಿರಿ, ಸುಮ್ಮನಿರಬೇಡಿ.

ದಿನವೂ ಬೆಳಿಗ್ಗೆ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಏರಿಸುವ ವ್ಯಾಯಾಮ ನಡೆದಿದೆ. ಕೈ ಈಗ ಕಿವಿಯನ್ನು ದಾಟಿ ಒಂದು ಗೇಣು ಮೇಲೆ ಹೋಗುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆ ಇನ್ನೂ ಅಲ್ಲೇ ಇದೆ. ಈ ಕಡೆ ಬಂದವರು ಯಾರಾದರೂ ಇಳಿಸಿಕೊಟ್ಟರೆ ಉಪಕಾರವಾದೀತು, ಕಾಫಿಗೆ ಕೊರತೆಯಿಲ್ಲ.